ಇಸವಿ ಅಡಗಿರುವುದು ಫೋಟೋದ ಮೂಲೆಯಲ್ಲಿ

ಐವತ್ತು ರೂಪಾಯಿಯ ಈಗಿನ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ರಥದ ನೆತ್ತಿ ಬೋಳು. ನಾವೆಲ್ಲ ಕಣ್ಣಾರೆ ಕಂಡಿರುವುದೂ ಅದೇ ರೂಪವನ್ನು. ಆದರೆ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಫೋಟೋದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅದನ್ನು ತೆಗೆದುಹಾಕಲಾಯಿತು. ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ನಿಂತು ಎಷ್ಟು ಹೊತ್ತು ನೋಡಿದರೂ ಆ ಶಿಖರ ಹೇಗಿತ್ತೆಂದು ತಿಳಿಯುವುದಿಲ್ಲ. ತಿಳಿಯಬೇಕಾದರೆ ಗ್ರೀನ್‌ಲಾನ ಕಾಗದದ ನೆಗೆಟಿವ್ ನೋಡಬೇಕು.

ಆ ಫೋಟೋ ಇಷ್ಟು ಗಟ್ಟಿ ಸಾಕ್ಷಿಯಾಗಲು ಕಾರಣ ಚಿತ್ರವೊಂದೇ ಅಲ್ಲ. ತೆಗೆದವರು ಯಾರು, ಯಾವಾಗ, ಎಲ್ಲಿ ಎಂಬುದೂ ನಮಗೆ ಗೊತ್ತಿದೆ. ಇಷ್ಟು ಗೊತ್ತಿಲ್ಲದ ಹಳೆಯ ಫೋಟೋ ಚೆಂದವಾಗಿರಬಹುದು, ಸಾಕ್ಷಿಯಾಗಿ ನಿಲ್ಲುವುದಿಲ್ಲ. ನಮ್ಮ ಮೊಬೈಲುಗಳಲ್ಲಿ ದಿನಾ ಓಡಾಡುವ ‘ನೂರು ವರ್ಷದ ಹಿಂದಿನ ನಮ್ಮೂರು’ ಚಿತ್ರಗಳಲ್ಲಿ ಬಹುಪಾಲಿನ ಗತಿ ಇದೇ. ‘ಹಳೇ ಬೆಂಗಳೂರು’ ಎಂಬ ಹೆಸರು ಹೊತ್ತು ಬರುವ ಬೀದಿಯ ನಡುವೆ ಟ್ರಾಮ್ ಹಳಿ ಕಂಡರೆ ಮುಂದೆ ಯೋಚಿಸುವ ಅಗತ್ಯವೇ ಇಲ್ಲ. ಮದ್ರಾಸಿನಲ್ಲಿ ಟ್ರಾಮ್ ಇತ್ತು, ಮುಂಬಯಿಯಲ್ಲಿ ಇತ್ತು, ಕಲ್ಕತ್ತೆಯಲ್ಲಿ ಇತ್ತು. ಬೆಂಗಳೂರಿನಲ್ಲಿ ಎಂದೂ ಇರಲಿಲ್ಲ.

ಹಳೆಯ ಕಟ್ಟಡಗಳ, ಬೀದಿಗಳ ಫೋಟೋಗಳು ಹೇಗೆ ಹುಟ್ಟಿದವು, ಅವುಗಳ ಕಾಲ ಮತ್ತು ಜಾಗವನ್ನು ಪತ್ತೆ ಮಾಡುವುದು ಹೇಗೆ, ಎಲ್ಲಿ ಸಿಗುತ್ತವೆ, ಮನೆಯಲ್ಲಿರುವುದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಕರ್ನಾಟಕದ ಉದಾಹರಣೆಗಳಿಂದಲೇ ನೋಡೋಣ.

ಕ್ಯಾಮೆರಾ ಮೊದಲು ತಿರುಗಿದ್ದು ಗುಡಿಗಳತ್ತ

ಸ್ಮಾರಕಗಳನ್ನು ದಾಖಲಿಸಲು ಈಸ್ಟ್ ಇಂಡಿಯಾ ಕಂಪನಿ ಮೊದಲು ನೆಚ್ಚಿಕೊಂಡಿದ್ದು ನಕಾಶೆಗಾರರನ್ನು. ಒಂದು ಗುಡಿಯ ಕೆತ್ತನೆಯನ್ನು ಕೈಯಲ್ಲಿ ಬರೆಯಲು ತಿಂಗಳುಗಟ್ಟಲೆ ಬೇಕು, ಖರ್ಚೂ ಹೆಚ್ಚು. 1850ರ ದಶಕದ ನಡುವೆ ಕಂಪನಿಯ ನಿರ್ದೇಶಕರು ಫೋಟೋಗ್ರಫಿಯತ್ತ ವಾಲಿದರು. ಆಗ ಈ ವಿದ್ಯೆ ಬಲ್ಲವರು ಹೆಚ್ಚಾಗಿ ಸೈನ್ಯದ ಅಧಿಕಾರಿಗಳು ಮತ್ತು ಸೈನ್ಯದ ವೈದ್ಯರು. ಲಿನೇಯಸ್ ಟ್ರೈಪ್ ಎಂಬ ಅಧಿಕಾರಿ ಡಾ. ನೀಲ್ ಜೊತೆ 1854ರ ಡಿಸೆಂಬರಿನಲ್ಲಿ ಮೈಸೂರು ಸೀಮೆಗೆ ಬಂದು ಹಳೇಬೀಡು, ಬೇಲೂರುಗಳನ್ನು ಸೆರೆಹಿಡಿದ. ಮರುವರ್ಷ ಮದ್ರಾಸಿನ ವಸ್ತುಪ್ರದರ್ಶನಕ್ಕೆ ಅವನು ಕಳಿಸಿದ್ದು 68 ಚಿತ್ರಗಳು. ಬೊಂಬಾಯಿ ಸರಕಾರ 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಕ್ಯಾಪ್ಟನ್‌ನನ್ನು ಸರಕಾರಿ ಫೋಟೋಗ್ರಾಫರ್ ಆಗಿ ನೇಮಿಸಿತು. ಅವನ ಪಾಲಿಗೆ ಬಂದದ್ದು ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲು. ಬಿಗ್ಸ್‌ನ ನಂತರ ಡಾ. ಪಿಗೂ ಆ ಕೆಲಸ ಮುಂದುವರಿಸಿದ.

ಬಿಗ್ಸ್, ಪಿಗೂ, ನೀಲ್ ಅವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಎರಡು ದೊಡ್ಡ ಪುಸ್ತಕಗಳಾಗಿ ಹೊರಬಂದವು. ಒಂದು ಬಿಜಾಪುರದ ವಾಸ್ತುಶಿಲ್ಪದ ಮೇಲೆ, ಇನ್ನೊಂದು ಧಾರವಾಡ ಮತ್ತು ಮೈಸೂರು ಸೀಮೆಯ ಮೇಲೆ. ಬರಹ ಸುರಪುರದ ನಂಟಿನಿಂದ ನಮಗೆ ಪರಿಚಿತನಾದ ಮೆಡೋಸ್ ಟೇಲರ್ ಮತ್ತು ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗ್ಯುಸನ್ ಅವರದ್ದು. ಧಾರವಾಡ-ಮೈಸೂರು ಪುಸ್ತಕದ ವೆಚ್ಚ ಹೊತ್ತವರು ಮುಂಬಯಿಯ ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯಚಂದ್. ಅಮೆರಿಕದ ಅಂತರ್ಯುದ್ಧ ಕಾಲದ ಹತ್ತಿಯ ಹಣ ಹೀಗೆ ನಮ್ಮ ಚಾಲುಕ್ಯ, ಹೊಯ್ಸಳ ಗುಡಿಗಳ ಮೊದಲ ಆಲ್ಬಂ ಆಯಿತು. ಈ ಪುಸ್ತಕಗಳ ಪುಟ ತಿರುಗಿಸಿದರೆ ಹಳೇಬೀಡಿನ ಕೇದಾರೇಶ್ವರ ಗುಡಿಗೆ ಆಗ ಶಿಖರವಿತ್ತು, ಆ ಶಿಖರದಲ್ಲಿ ಮರವೊಂದು ಬೇರು ಬಿಟ್ಟಿತ್ತು ಎಂಬುದು ಕಾಣುತ್ತದೆ. ಈಗ ಅಲ್ಲಿ ಶಿಖರವಿಲ್ಲ.

ಆಮೇಲಿನ ಕೆಲಸ ಇಲಾಖೆಗಳ ಪಾಲಾಯಿತು. ಬಿ.ಎಲ್. ರೈಸ್ ಅವರಿಂದ ಶುರುವಾದ ಮೈಸೂರು ಪುರಾತತ್ವ ಇಲಾಖೆಯನ್ನು 1906ರಿಂದ 1922ರವರೆಗೆ ಆರ್. ನರಸಿಂಹಾಚಾರ್ಯರು ನಡೆಸಿದರು, ಅವರ ವಾರ್ಷಿಕ ವರದಿಗಳಲ್ಲಿ ಹಳ್ಳಿಹಳ್ಳಿಯ ಗುಡಿಗಳ ಚಿತ್ರಗಳಿವೆ. ಉತ್ತರದಲ್ಲಿ ಹೆನ್ರಿ ಕಸಿನ್ಸ್ ಅವರ ಬಿಜಾಪುರದ ಪುಸ್ತಕ (1916) ಮತ್ತು ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಪುಸ್ತಕ (1926) ಬಂದವು.

ಈ ಸಂಗ್ರಹಗಳ ಓರೆಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಅಧಿಕಾರಿಗಳಿಗೆ ಬೇಕಿದ್ದುದು ಗುಡಿ, ಗುಮ್ಮಟ, ಕೋಟೆ. ಪಕ್ಕದ ಕೇರಿ, ಸಂತೆ, ತೊಟ್ಟಿಮನೆ, ಕೆರೆ ಏರಿ ಚೌಕಟ್ಟಿನೊಳಗೆ ಬಂದಿದ್ದರೆ ಅದು ಆಕಸ್ಮಿಕ. ಊರಿನ ಬೀದಿಗಳು ಫೋಟೋದ ವಿಷಯವಾದದ್ದು ಬಹುಮಟ್ಟಿಗೆ ಚಿತ್ರದ ಪೋಸ್ಟ್‌ಕಾರ್ಡುಗಳ ಕಾಲದಲ್ಲಿ, ಅಂದರೆ 1900ರ ಆಚೀಚೆ. ಅಲ್ಲೂ ಗಿರಾಕಿಗಳು ಹೆಚ್ಚಾಗಿ ಊರಿಗೆ ಕಾಗದ ಬರೆಯುತ್ತಿದ್ದ ಬ್ರಿಟಿಷರು. ಆದ್ದರಿಂದಲೇ ಬೆಂಗಳೂರಿನ ದಂಡು ಪ್ರದೇಶದ ಸೌತ್ ಪೆರೇಡ್‌ನ ಕಾರ್ಡುಗಳು ಬೇಕಾದಷ್ಟು ಸಿಗುತ್ತವೆ, ಚಿಕ್ಕಪೇಟೆಯವು ಹುಡುಕಿದರೂ ಕಡಿಮೆ. ಹಳೆಯ ಫೋಟೋಗಳನ್ನಷ್ಟೇ ನೋಡಿ ಆ ಕಾಲದ ಬೆಂಗಳೂರನ್ನು ಊಹಿಸಿಕೊಂಡವನಿಗೆ ಅದು ಬರೀ ದಂಡಿನ ಊರಾಗಿ ಕಾಣುತ್ತದೆ.

ಬೀದಿ ಯಾಕೆ ಬಿಕೋ ಎನ್ನುತ್ತದೆ?

ಹಳೆಯ ಫೋಟೋ ನೋಡಿದವರ ಮೊದಲ ಮಾತು ‘ಆಗ ಎಷ್ಟು ಶಾಂತವಾಗಿತ್ತು, ಜನವೇ ಇಲ್ಲ’ ಎಂಬುದು. ಇದು ಅರ್ಧಂಬರ್ಧ ನಿಜ. ಉಳಿದರ್ಧ ರಸಾಯನಶಾಸ್ತ್ರ.

ಗ್ರೀನ್‌ಲಾ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಮೇಣದಿಂದ ಕಾಗದ ಪಾರದರ್ಶಕವಾಗುತ್ತದೆ; ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿದರೆ ಬೆಳಕಿಗೆ ಸ್ಪಂದಿಸುತ್ತದೆ. ಇದರ ದೊಡ್ಡ ಅನುಕೂಲವೆಂದರೆ ಮೊದಲೇ ಹತ್ತಾರು ಹಾಳೆ ಸಿದ್ಧಮಾಡಿಟ್ಟುಕೊಂಡು ಪ್ರಯಾಣ ಹೊರಡಬಹುದಿತ್ತು. ನಮ್ಮ ಸೆಕೆಗೆ, ಎತ್ತಿನ ಗಾಡಿಯ ದಾರಿಗೆ ಅದು ಒಗ್ಗುತ್ತಿತ್ತು. ಅನನುಕೂಲವೆಂದರೆ ಒಂದು ಚಿತ್ರಕ್ಕೆ ಹಲವು ನಿಮಿಷ ಲೆನ್ಸ್ ತೆರೆದಿಟ್ಟಿರಬೇಕು. ಅಷ್ಟು ಹೊತ್ತಿನಲ್ಲಿ ಬೀದಿಯಲ್ಲಿ ನಡೆದುಹೋದ ಮನುಷ್ಯ ಚಿತ್ರದಲ್ಲಿ ಮೂಡುವುದೇ ಇಲ್ಲ. ನಿಂತು ಹೊರಟವನು ಮಸುಕು ಹೊಗೆಯಂತೆ ಉಳಿಯುತ್ತಾನೆ. ಕಂಬಕ್ಕೆ ಒರಗಿ ಕೂತವನೊಬ್ಬ ಮಾತ್ರ ಸ್ಪಷ್ಟವಾಗಿ ಕಾಣುತ್ತಾನೆ, ಅವನನ್ನು ಬಹಳ ಸಲ ಫೋಟೋಗ್ರಾಫರನೇ ಅಳತೆಗಾಗಿ ಕೂರಿಸಿರುತ್ತಾನೆ.

ಗಾಜಿನ ಮೇಲಿನ ಒದ್ದೆ ಕೊಲೋಡಿಯನ್ ವಿಧಾನ ಇಂಗ್ಲೆಂಡಿನಲ್ಲಿ ಗೊತ್ತಾದದ್ದು 1851ರಲ್ಲಿ. ಅದು ಕಾಗದಕ್ಕಿಂತ ವೇಗ, ಕಾಗದಕ್ಕಿಂತ ಚೊಕ್ಕ. ಆದರೆ ಗಾಜಿಗೆ ಲೇಪಿಸಿದ ದ್ರಾವಣ ಒಣಗುವ ಮೊದಲೇ ಚಿತ್ರ ತೆಗೆದು ತೊಳೆದು ಮುಗಿಸಬೇಕು, ಕಾಲು ಗಂಟೆಗಿಂತ ಹೆಚ್ಚು ಸಮಯವಿಲ್ಲ. ಹಾಗಾಗಿ ಗುಡಿಯ ಪಕ್ಕದಲ್ಲೇ ಕತ್ತಲೆಯ ಡೇರೆ, ನೀರು, ರಾಸಾಯನಿಕದ ಪೆಟ್ಟಿಗೆಗಳು, ಹೊರುವ ಆಳುಗಳು. ಬಿಸಿಲಿನ ಡೆಕ್ಕನ್ನಿನಲ್ಲಿ ಗಾಜಿನ ಮೇಲೆ ದ್ರಾವಣ ಬೇಗ ಒಣಗುವ ಕಾಟ ಬೇರೆ. 1880ರ ದಶಕದಲ್ಲಿ ಕಾರ್ಖಾನೆಯಲ್ಲೇ ತಯಾರಾದ ಒಣ ಗಾಜಿನ ಫಲಕಗಳು ಬಳಕೆಗೆ ಬಂದ ಮೇಲೆಯೇ ಗಾಡಿ, ಕುದುರೆ, ಸಂತೆಯ ಜನ ಚಿತ್ರದೊಳಗೆ ನಡೆದಾಡತೊಡಗಿದ್ದು.

ಇನ್ನೊಂದು ವಿಷಯವಿದೆ. ಆ ಕಾಲದ ರಾಸಾಯನಿಕಗಳಿಗೆ ನೀಲಿ ಬೆಳಕು ಚೆನ್ನಾಗಿ ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ. ಪರಿಣಾಮವಾಗಿ ನೀಲಿ ಆಕಾಶ ಬರೀ ಬಿಳಿ. ಬೇಸರ ಬಂದ ಟ್ರೈಪ್ ತನ್ನ ಕೆಲವು ನೆಗೆಟಿವ್‌ಗಳ ಮೇಲೆ ಕುಂಚದಿಂದಲೇ ಮೋಡ ಬರೆದ. ಕೆಂಪೆಲ್ಲ ಕಪ್ಪಿಗೆ ತಿರುಗುತ್ತದೆ. ದೇವಸ್ಥಾನದ ಗೋಡೆಯ ಕಾವಿ-ಸುಣ್ಣದ ಪಟ್ಟೆಗಳು ಕಪ್ಪು-ಬಿಳುಪಾಗಿ ಕಂಡರೆ ಅಲ್ಲಿ ಕಪ್ಪು ಬಳಿದಿದ್ದರು ಎಂದಲ್ಲ. ಕೇಸರಿ ಬಾವುಟವೂ ಕಪ್ಪಾಗಿಯೇ ಕಾಣುತ್ತದೆ. ಕರಾವಳಿಯ ಕೆಂಪು ಹೆಂಚು, ಮುರಕಲ್ಲು ಕೂಡ ಹಾಗೇ. ಹೀಗಿರುವಾಗ ಕಂಪ್ಯೂಟರಿನಲ್ಲಿ ಬಣ್ಣ ತುಂಬಿ ಹಂಚುವ ಈಗಿನ ಖಯಾಲಿಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಯಂತ್ರ ತುಂಬುವುದು ಊಹೆಯ ಬಣ್ಣವನ್ನು. ಮಸುಕಾದ ಬೋರ್ಡನ್ನು ಸ್ಪಷ್ಟ ಮಾಡಲು ಹೋಗಿ ಇಲ್ಲದ ಅಕ್ಷರಗಳನ್ನೇ ಹುಟ್ಟಿಸಿ ಕೊಡುವುದೂ ಉಂಟು. ಹಿಂದೆಯೂ ಈ ಆಟವಿತ್ತು: ಇಲ್ಲಿನ ಚಿತ್ರಗಳನ್ನು ಜರ್ಮನಿಯ ಮುದ್ರಣಾಲಯಗಳಿಗೆ ಕಳಿಸಿ ಬಣ್ಣದ ಕಾರ್ಡು ಮಾಡಿಸುತ್ತಿದ್ದರು, ಆ ಊರನ್ನೇ ಕಾಣದವರು ಮರಕ್ಕೂ ಸೀರೆಗೂ ಬಣ್ಣ ಬಳಿಯುತ್ತಿದ್ದರು.

ಒಂದು ಒಳ್ಳೆಯ ಸುದ್ದಿಯೂ ಇದೆ. ಆಗ ಚಿತ್ರವನ್ನು ದೊಡ್ಡದು ಮಾಡುವ ಸಾಧನ ಬಳಕೆಯಲ್ಲಿರಲಿಲ್ಲ. ಪ್ರಿಂಟ್ ಎಷ್ಟು ದೊಡ್ಡದು ಬೇಕೋ ನೆಗೆಟಿವ್ ಕೂಡ ಅಷ್ಟೇ ದೊಡ್ಡದಿರಬೇಕಿತ್ತು. ಗ್ರೀನ್‌ಲಾನ ಹಾಳೆಗಳು ಸುಮಾರು 18 ಇಂಚು ಉದ್ದದವು. ಇಂಥ ನೆಗೆಟಿವ್‌ನಲ್ಲಿ, ಅದಕ್ಕಿಂತ ಹೆಚ್ಚಾಗಿ ಗಾಜಿನ ಫಲಕದಲ್ಲಿ, ಅಡಗಿರುವ ವಿವರ ಅಪಾರ. ಒಳ್ಳೆಯ ಸ್ಕ್ಯಾನ್ ಸಿಕ್ಕರೆ ದೂರದ ಅಂಗಡಿಯ ಫಲಕವನ್ನೂ ಓದಬಹುದು.

ಕಾಲ ಕಟ್ಟುವ ಬಗೆ

ಹಳೆಯ ಫೋಟೋಗೆ ಒಂದೇ ಇಸವಿ ಕೊಡಲು ಹೊರಡುವುದು ತಪ್ಪು ದಾರಿ. ಮಾಡಬೇಕಾದದ್ದು ಎರಡು ಗಡಿ ಹಾಕುವ ಕೆಲಸ: ಯಾವುದರ ನಂತರ, ಯಾವುದರ ಮೊದಲು. ಚಿತ್ರದಲ್ಲಿ ಇರುವ ವಸ್ತುವಿನಿಂದ ಮೊದಲ ಗಡಿ ಸಿಗುತ್ತದೆ, ಇರಬೇಕಿದ್ದು ಇಲ್ಲದ ವಸ್ತುವಿನಿಂದ ಎರಡನೆಯದು.

ಮೈಸೂರು ಅರಮನೆ ಇದಕ್ಕೆ ಸುಲಭದ ಪಾಠ. ಮರದ ಹಳೆಯ ಅರಮನೆ 1897ರ ಫೆಬ್ರವರಿಯಲ್ಲಿ ಮದುವೆಯ ಸಂಭ್ರಮದ ನಡುವೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ವಿನ್ಯಾಸದ ಹೊಸದು 1912ರಲ್ಲಿ ಮುಗಿಯಿತು. ಮರದ ಕಂಬಗಳ ಮುಂಭಾಗ ಕಂಡರೆ 1897ಕ್ಕಿಂತ ಹಿಂದಿನದು, ಅನುಮಾನವೇ ಬೇಡ. ಊರೊಳಗಿನ ಚಿತ್ರವಾದರೆ ದೊಡ್ಡ ಗಡಿಯಾರವನ್ನು ಹುಡುಕಿ. ಅದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ನೆನಪಿಗೆ 1927ರಲ್ಲಿ ಎದ್ದದ್ದು. ನಿಂತಿರಬೇಕಾದ ಜಾಗ ಚೌಕಟ್ಟಿನೊಳಗಿದ್ದು ಗಡಿಯಾರ ಇಲ್ಲವೆಂದರೆ ಫೋಟೋ ಅದಕ್ಕೂ ಹಿಂದಿನದು. ಲ್ಯಾನ್ಸ್‌ಡೌನ್ ಕಟ್ಟಡ 1892ರದ್ದು. ಅದರ ಒಂದು ಭಾಗ ಕುಸಿದುಬಿದ್ದದ್ದು 2012ರಲ್ಲಿ.

ಬೆಂಗಳೂರಿನಲ್ಲಿ ಇಂಥ ಗೂಟಗಳು ಇನ್ನೂ ಹೆಚ್ಚು. ಅಠಾರಾ ಕಚೇರಿ 1868ರಲ್ಲಿ ಮುಗಿಯಿತು. ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರ ಆಗಸ್ಟಿನಲ್ಲಿ, ಮೈಸೂರಿಗೆ 1908ರಲ್ಲಿ. ತಂತಿ ಕಂಬ ಕಂಡೊಡನೆ ಕರೆಂಟು ಎಂದು ತೀರ್ಮಾನಿಸಬೇಡಿ, ಟೆಲಿಗ್ರಾಫ್ ಕಂಬಗಳು ಅದಕ್ಕಿಂತ ಎಷ್ಟೋ ಹಿಂದಿನವು. ಕಬ್ಬನ್ ಪಾರ್ಕಿನ ಅಂಚಿನಲ್ಲಿ ವಿಕ್ಟೋರಿಯಾ ರಾಣಿಯ ಪ್ರತಿಮೆ ಅನಾವರಣಗೊಂಡದ್ದು 1906ರ ಫೆಬ್ರವರಿಯಲ್ಲಿ. ಹಡ್ಸನ್ ವೃತ್ತದ ಬಳಿಯಿದ್ದ ಎತ್ತರದ ಸ್ಮಾರಕ ಸ್ತಂಭವನ್ನು 1964ರಲ್ಲಿ ಕೆಡವಲಾಯಿತು. ಪುಟ್ಟಣ್ಣ ಚೆಟ್ಟಿ ಪುರಭವನ 1935ರದ್ದು, ವಿಧಾನಸೌಧ 1956ರದ್ದು. ಇವುಗಳಲ್ಲಿ ನನಗೆ ಇಷ್ಟವಾದದ್ದು ಕುದುರೆಯೇರಿದ ಮಾರ್ಕ್ ಕಬ್ಬನ್ ಪ್ರತಿಮೆ. ಅದು 1866ರಲ್ಲಿ ನಿಂತದ್ದು ಪೆರೇಡ್ ಮೈದಾನದಲ್ಲಿ, ಆಮೇಲೆ ಅಠಾರಾ ಕಚೇರಿಯ ಮುಂದೆ ಬಂತು, 2020ರಲ್ಲಿ ಅಲ್ಲಿಂದಲೂ ಎದ್ದು ಉದ್ಯಾನದೊಳಕ್ಕೆ ಹೋಯಿತು. ಕುದುರೆ ಯಾವ ಜಾಗದಲ್ಲಿ ನಿಂತಿದೆ ಎಂದು ನೋಡಿದರೆ ಸಾಕು, ಕಾಲ ತಾನಾಗಿ ತಿಳಿಯುತ್ತದೆ.

ಪೋಸ್ಟ್‌ಕಾರ್ಡು ಕೈಗೆ ಬಂದರೆ ಮೊದಲು ಹಿಂದೆ ತಿರುಗಿಸಿ. ವಿಳಾಸಕ್ಕೂ ಬರವಣಿಗೆಗೂ ನಡುವೆ ಗೆರೆ ಎಳೆದು ಜಾಗ ಹಂಚಿದ ಕಾರ್ಡುಗಳು ಬ್ರಿಟನ್ನಿನಲ್ಲಿ 1902ರಿಂದ, ಉಳಿದೆಡೆ ಆಮೇಲಿನ ವರ್ಷಗಳಲ್ಲಿ ಬಂದವು. ಗೆರೆಯಿಲ್ಲದೆ ಹಿಂಬದಿಯೆಲ್ಲ ವಿಳಾಸಕ್ಕೇ ಮೀಸಲಾಗಿದ್ದರೆ ಅದು ಹಳೆಯ ಕಾರ್ಡು. ಅಂಚೆಚೀಟಿಯ ಮೇಲಿನ ದೊರೆ ಏಳನೇ ಎಡ್ವರ್ಡನೋ ಐದನೇ ಜಾರ್ಜನೋ ನೋಡಿ. ಅಂಚೆ ಮುದ್ರೆಯ ತಾರೀಖು ಓದಿ. ಆದರೆ ಮುದ್ರೆ ಹೇಳುವುದು ಕಾರ್ಡು ಹೊರಟ ದಿನವನ್ನು, ಫೋಟೋ ತೆಗೆದ ದಿನವನ್ನಲ್ಲ. ಮದ್ರಾಸಿನ ವೀಲೆ ಅಂಡ್ ಕ್ಲೈನ್, ಪುಸ್ತಕ ಮಳಿಗೆಯವರಾದ ಹಿಗ್ಗಿನ್‌ಬಾಥಮ್ಸ್ ಮುಂತಾದ ಪ್ರಕಾಶಕರಿಗೆ ಒಂದು ಒಳ್ಳೆಯ ನೆಗೆಟಿವ್ ಸಿಕ್ಕರೆ ಅದನ್ನು ಬಿಡಲು ಕಾರಣವಿರಲಿಲ್ಲ. ಒಂದೇ ಚಿತ್ರ ವರ್ಷಗಟ್ಟಲೆ ಅಚ್ಚಾಗುತ್ತಿತ್ತು. ವಿಕ್ಟೋರಿಯಾ ಪ್ರತಿಮೆಯಿರುವ ಕಾರ್ಡಿನ ಮೇಲೆ 1913ರ ಮುದ್ರೆಯಿದ್ದರೆ ‘1906ರ ನಂತರ, 1913ರ ಮೊದಲು’ ಎಂದು ಬರೆದು ಅಲ್ಲಿಗೆ ನಿಲ್ಲಿಸಿ. ‘ಸುಮಾರು 1910’ ಎಂದು ಬರೆದಿರೋ, ನಾಳೆ ಅದನ್ನು ನಕಲು ಮಾಡುವವನು ‘ಸುಮಾರು’ ಬಿಟ್ಟುಬಿಡುತ್ತಾನೆ.

ಸ್ವಾತಂತ್ರ್ಯದ ನಂತರದ ಬೀದಿ ಚಿತ್ರಗಳಿಗೆ ಬೇರೆ ಸುಳಿವುಗಳು. ಗಾಡಿಯ ನಂಬರು ಕೆಎ ಎಂದಿದ್ದರೆ ಅದು 1989ರ ಜುಲೈಗಿಂತ ಹಿಂದಿನದಾಗಲು ಸಾಧ್ಯವಿಲ್ಲ; ಎಂವೈ ಎಂದಿದ್ದರೆ ಮೈಸೂರು ರಾಜ್ಯದ ಹೆಸರಿನ ಕಾಲದ ನೋಂದಣಿ. ಬೋರ್ಡಿನಲ್ಲಿ ‘ಮೈಸೂರು ಸರ್ಕಾರ’ ಎಂದಿದ್ದರೆ ಸಾಮಾನ್ಯವಾಗಿ 1973ರ ನವೆಂಬರಿಗಿಂತ ಮೊದಲು. ಹಳೆಯ ಬೋರ್ಡುಗಳು ಒಂದೇ ದಿನ ಬದಲಾಗಲಿಲ್ಲ ಎಂಬುದು ನೆನಪಿರಲಿ. ಸಿನಿಮಾ ಪೋಸ್ಟರ್ ಅಂತೂ ತಾರೀಖು ಹಚ್ಚಿದಂತೆಯೇ, ಬಿಡುಗಡೆಯ ವಾರ ಹುಡುಕಿದರೆ ಆಯಿತು. ‘ಬಂಗಾರದ ಮನುಷ್ಯ’ ಮಾತ್ರ ಈ ಕೆಲಸಕ್ಕೆ ಬಾರದು: 1972ರಲ್ಲಿ ಬಂದು ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಕೂತುಬಿಟ್ಟಿತು.

ಬಿಸಿಲು ಯಾವ ಕಡೆ?

ಕಾಲ ಸಿಕ್ಕ ಮೇಲೆ ಜಾಗ. ಕಟ್ಟಡ ಯಾವುದೆಂದು ಗೊತ್ತಾದರೆ ಸಾಲದು, ಕ್ಯಾಮೆರಾ ಎಲ್ಲಿ ನಿಂತು ಯಾವ ದಿಕ್ಕಿಗೆ ನೋಡುತ್ತಿತ್ತು ಎಂಬುದು ಗೊತ್ತಾಗಬೇಕು.

ಅದಕ್ಕೂ ಮೊದಲು ಚಿತ್ರ ತಿರುಗುಮುರುಗಾಗಿಲ್ಲವೇ ನೋಡಿಕೊಳ್ಳಿ. ನೆಗೆಟಿವ್ ಉಲ್ಟಾ ಇಟ್ಟು ಮುದ್ರಿಸಿದರೆ ಎಡ ಬಲವಾಗುತ್ತದೆ. ಪರದೆಯ ಮೇಲೆ ತೋರಿಸುತ್ತಿದ್ದ ಗಾಜಿನ ಲ್ಯಾಂಟರ್ನ್ ಸ್ಲೈಡ್‌ಗಳಲ್ಲಿ ಇದು ಸಾಮಾನ್ಯ. ಬೋರ್ಡು, ಗಡಿಯಾರದ ಮುಖ ಇದ್ದರೆ ತಕ್ಷಣ ಗೊತ್ತಾಗುತ್ತದೆ. ಸೆರಗಿನ ಭುಜ ನೋಡಿ ಹೇಳುತ್ತೇನೆ ಎನ್ನುವವರಿದ್ದಾರೆ, ಅದನ್ನು ನಂಬಬೇಡಿ. ಕೊಡಗಿನ ಸೆರಗು ಬೇರೆ, ಹಳೇ ಮೈಸೂರಿನದು ಬೇರೆ. ಗೋಲ ಗುಮ್ಮಟದಂಥ ನಾಲ್ಕೂ ಕಡೆ ಒಂದೇ ಥರದ ಕಟ್ಟಡವಂತೂ ಸುಲಭವಾಗಿ ಮೋಸ ಮಾಡುತ್ತದೆ. ಅಲ್ಲಿ ಕಟ್ಟಡವನ್ನು ಬಿಟ್ಟು ನೆರೆಯನ್ನು ನೋಡಬೇಕು. ಮಸೀದಿ ಇರುವುದು ಗುಮ್ಮಟದ ಪಶ್ಚಿಮಕ್ಕೆ, ಈಗ ವಸ್ತುಸಂಗ್ರಹಾಲಯವಾಗಿರುವ ನಗಾರಖಾನೆ ದಕ್ಷಿಣಕ್ಕೆ. ದಕ್ಷಿಣದಿಂದ ತೆಗೆದ ಚಿತ್ರದಲ್ಲಿ ಮಸೀದಿ ಎಡಗಡೆಗೆ ಬರಲೇಬೇಕು. ಬಲಕ್ಕಿದ್ದರೆ ಚಿತ್ರ ಉಲ್ಟಾ.

ಮುಂದಿನ ಸಾಕ್ಷಿ ನೆರಳು. ಹಳೇಬೀಡಿನ ಹೊಯ್ಸಳೇಶ್ವರ ಪೂರ್ವಕ್ಕೆ ಮುಖ ಮಾಡಿದ ಗುಡಿ. ಮುಂಭಾಗದ ಕೆತ್ತನೆ ಬಿಸಿಲಲ್ಲಿ ಹೊಳೆಯುತ್ತಿದ್ದರೆ ಅದು ಬೆಳಗಿನ ಫೋಟೋ. ಋತುವನ್ನೂ ಹೇಳಬಹುದು, ಅದೂ ನಮ್ಮ ಅಕ್ಷಾಂಶದ ಒಂದು ಅನುಕೂಲದಿಂದ. ಹಂಪಿ ಇರುವುದು 15 ಡಿಗ್ರಿ ಉತ್ತರದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ಅಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಉತ್ತರದ ಗೋಡೆಗೆ ನಡುಹಗಲಿನ ಬಿಸಿಲು ಬಿದ್ದಿದ್ದರೆ ಆ ಬೇಸಿಗೆ-ಮಳೆಗಾಲದ ಕಿಂಡಿಯಲ್ಲೇ ತೆಗೆದದ್ದು. ಬೆಂಗಳೂರಿನಲ್ಲಿ ಈ ಅವಧಿ ಕೊಂಚ ಉದ್ದ, ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ. ಯುರೋಪಿನ ಕೈಪಿಡಿಗಳಲ್ಲಿ ಈ ಮಾತು ಸಿಗುವುದಿಲ್ಲ, ಅಲ್ಲಿ ನಡುಹಗಲಿನ ಸೂರ್ಯ ಉತ್ತರಕ್ಕೆ ಹೋಗುವುದೇ ಇಲ್ಲ.

ಜಾಗವನ್ನು ನಿಖರವಾಗಿ ಹಿಡಿಯಬೇಕಾದರೆ ಫೋಟೋ ಹಿಡಿದು ಅಲ್ಲಿಗೇ ಹೋಗಬೇಕು. ಹಂಪಿಯಲ್ಲಿ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದವರು ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗಾಲಿಂಗ್ಸ್. 1980ರ ದಶಕದಲ್ಲಿ ಅವರು ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಅದೇ ಚೌಕಟ್ಟಿನಲ್ಲಿ ಮತ್ತೆ ಚಿತ್ರ ತೆಗೆದರು. ವಿಧಾನ ಸರಳ, ತಾಳ್ಮೆ ಬೇಕು. ಹಳೆಯ ಫೋಟೋದಲ್ಲಿ ಹತ್ತಿರದ ಒಂದು ಅಂಚು ದೂರದ ಒಂದು ತುದಿಯ ಜೊತೆ ಎಲ್ಲಿ ಕೂಡುತ್ತದೆ ನೋಡಿ: ಮಂಟಪದ ಕಂಬದ ಬಲ ಅಂಚಿಗೆ ಗೋಪುರದ ಕಳಶ ತಾಗಿದೆ ಎಂದಿಟ್ಟುಕೊಳ್ಳಿ. ಸ್ಥಳದಲ್ಲಿ ಅವೆರಡೂ ಹಾಗೇ ತಾಗುವವರೆಗೆ ಎಡಕ್ಕೋ ಬಲಕ್ಕೋ ಸರಿಯಿರಿ. ಈಗ ನೀವು ಒಂದು ಗೆರೆಯ ಮೇಲೆ ನಿಂತಿದ್ದೀರಿ. ಚೌಕಟ್ಟಿನ ಇನ್ನೊಂದು ಬದಿಯಲ್ಲಿ ಇಂಥದ್ದೇ ಮತ್ತೊಂದು ಜೋಡಿ ಹುಡುಕಿ, ಮೊದಲ ಗೆರೆ ಬಿಡದೆ ಹಿಂದೆಮುಂದೆ ನಡೆಯಿರಿ. ಎರಡೂ ಜೋಡಿ ಕೂಡಿದ ಜಾಗದಲ್ಲೇ ಹಳೆಯ ಮುಕ್ಕಾಲಿ ನಿಂತಿದ್ದದ್ದು. ಝೂಮ್ ಮಾಡಿ ಹೊಂದಿಸಲು ಹೋಗಬೇಡಿ. ಝೂಮ್‌ನಿಂದ ಚೌಕಟ್ಟು ಹಿಗ್ಗಿ ಕುಗ್ಗುತ್ತದೆಯೇ ಹೊರತು ವಸ್ತುಗಳು ಒಂದನ್ನೊಂದು ಮರೆಮಾಡುವ ರೀತಿ ಬದಲಾಗದು. ಅದು ಬದಲಾಗುವುದು ಕಾಲು ಸರಿದಾಗ ಮಾತ್ರ.

ಎಲ್ಲಿ ಹುಡುಕಬೇಕು

1866ರ ಆ ಎರಡು ಪುಸ್ತಕಗಳು, ಕಸಿನ್ಸ್ ಪುಸ್ತಕಗಳು, ಮೈಸೂರು ಪುರಾತತ್ವ ಇಲಾಖೆಯ ವರದಿಗಳು ಇಂಟರ್ನೆಟ್ ಆರ್ಕೈವ್‌ನಂಥ ತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹ ದೊಡ್ಡದು. 2023ರ ಅಕ್ಟೋಬರಿನ ಸೈಬರ್ ದಾಳಿಯಿಂದ ಅದರ ಆನ್‌ಲೈನ್ ಸೇವೆಗಳಿಗೆ ಭಾರಿ ಪೆಟ್ಟು ಬಿತ್ತು. ಇದರಿಂದ ಕಲಿಯಬೇಕಾದದ್ದಿಷ್ಟು: ಎಲ್ಲೇ ಚಿತ್ರ ಸಿಕ್ಕರೂ ಅದರ ಸಂಗ್ರಹ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಕೊಂಡಿ ಸತ್ತರೂ ಸಂಖ್ಯೆ ಸಾಯುವುದಿಲ್ಲ. ದೆಹಲಿಯ ಅಲ್ಕಾಝಿ ಸಂಗ್ರಹದಲ್ಲಿ ಗ್ರೀನ್‌ಲಾನ ಹಂಪಿ ಚಿತ್ರಗಳಿವೆ. ಗುರುಗ್ರಾಮದಲ್ಲಿರುವ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಸಂಗ್ರಹ ದೇವಾಲಯಗಳ ವಿಷಯದಲ್ಲಿ ಸಾಟಿಯಿಲ್ಲದ್ದು.

ನನ್ನ ಮಟ್ಟಿಗೆ ಬೀದಿ ಮತ್ತು ಮನೆಗಳ ವಿಷಯದಲ್ಲಿ ಎಲ್ಲಕ್ಕಿಂತ ಮೇಲಿರುವುದು ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ ಸಂಗ್ರಹ. ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದವರು ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡ, ಉಡುಪಿ, ಮಡಿಕೇರಿಗಳಲ್ಲಿ ನೆಲೆಯೂರಿದರು. ಸರಕಾರಿ ಫೋಟೋಗ್ರಾಫರ್ ಗುಡಿಯ ಮುಂದೆ ಎರಡು ದಿನ ನಿಂತು ಹೊರಟರೆ ಇವರು ಅದೇ ಊರಿನಲ್ಲಿ ಹತ್ತಾರು ವರ್ಷ ಬಾಳಿದರು. ಅವರ ಕ್ಯಾಮೆರಾ ಹೆಂಚಿನ ಕಾರ್ಖಾನೆ, ನೇಯ್ಗೆ ಶಾಲೆ, ಸಂತೆ, ಗುಡಿಸಲುಗಳನ್ನೂ ಕಂಡಿತು. ಅವರದು ಮತಪ್ರಚಾರದ ಕಣ್ಣು ಎಂಬುದನ್ನು ಮರೆಯದೆ ನೋಡಬೇಕು, ಆದರೆ ನೋಡಲೇಬೇಕು. ಈ ಚಿತ್ರಗಳನ್ನು ಮನೆಯಲ್ಲೇ ಕೂತು ನೋಡಬಹುದು, ವಿವರದಲ್ಲಿ ಬಹಳ ಕಡೆ ಒಂದೇ ಇಸವಿಯ ಬದಲು ಎರಡು ಗಡಿಗಳನ್ನೇ ಕೊಟ್ಟಿದ್ದಾರೆ.

ಹುಡುಕುವಾಗ ಈಗಿನ ಹೆಸರು ಕೈಕೊಡಬಹುದು. 1866ರ ಪುಸ್ತಕದಲ್ಲಿ ಐಹೊಳೆ ‘ಇವಲ್ಲಿ’ ಆಗಿದೆ, ಪಟ್ಟದಕಲ್ಲು ‘ಪುರುದ್‌ಕಲ್’. ಊರ ಹೆಸರಿನಿಂದ ಸಿಗದಿದ್ದರೆ ಫೋಟೋಗ್ರಾಫರ್ ಹೆಸರಿನಿಂದ ಹುಡುಕಿ.

ಹಕ್ಕುಸ್ವಾಮ್ಯದ ಮಾತು ಚಿಕ್ಕದು. ಭಾರತದ ಕಾಯ್ದೆಯಲ್ಲಿ ಫೋಟೋಗೆ ರಕ್ಷಣೆ 2012ರವರೆಗೆ ಸಾಮಾನ್ಯವಾಗಿ ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇತ್ತು; ಈಗ ತೆಗೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ನೂರು ವರ್ಷದ ಹಿಂದೆ ಪ್ರಕಟವಾದ ಚಿತ್ರವನ್ನು ಬಳಸಲು ಅಂಜಬೇಕಿಲ್ಲ. ದೊಡ್ಡ ಸ್ಕ್ಯಾನ್ ಒದಗಿಸಲು ಸಂಸ್ಥೆಗಳು ಶುಲ್ಕ ಕೇಳಬಹುದು. ಎಲ್ಲಿಂದ ಪಡೆದಿರೆಂದು ಹೇಳುವುದು ಕಾನೂನಿಗಿಂತ ಮುಖ್ಯ.

ಮನೆಯ ಟ್ರಂಕಿನಲ್ಲಿರುವುದು

ಸರಕಾರಿ ಸಂಗ್ರಹಗಳಲ್ಲಿ ಇಲ್ಲದ ಬೀದಿಗಳು ಇರುವುದು ಮನೆಗಳ ಆಲ್ಬಂನಲ್ಲಿ. ಮದುವೆ ಮೆರವಣಿಗೆಯ ಫೋಟೋದಲ್ಲಿ ವಧೂವರರ ಹಿಂದೆ ಊರಿನ ಮುಖ್ಯ ಬೀದಿಯಿದೆ. ಹಂಪಿಗೆ 2005ರಲ್ಲಿ ಪ್ರವಾಸ ಹೋಗಿದ್ದವರ ಫೋಟೋದಲ್ಲಿ ವಿರೂಪಾಕ್ಷ ಬಜಾರಿನ ಅಂಗಡಿಗಳಿವೆ; ಆ ಅಂಗಡಿ-ಮನೆಗಳನ್ನು 2011ರಲ್ಲಿ ತೆರವು ಮಾಡಲಾಯಿತು. ಆ ಚಿತ್ರ ಈಗಾಗಲೇ ದಾಖಲೆಯಾಗಿದೆ.

ಇವುಗಳ ಶತ್ರುಗಳು ತೇವ, ಅಂಟು, ಬಾಲ್‌ಪೆನ್. ಅಂಟು ಹಾಳೆಯ ಆಲ್ಬಂಗಳು ಫೋಟೋವನ್ನು ನಿಧಾನವಾಗಿ ತಿನ್ನುತ್ತವೆ, ಆದರೆ ಅಂಟಿಕೊಂಡದ್ದನ್ನು ಕೀಳಲು ಹೋದರೆ ಕ್ಷಣದಲ್ಲಿ ಹರಿಯುತ್ತದೆ. ಸಡಿಲವಿಲ್ಲದಿದ್ದರೆ ಪುಟದ ಸಮೇತವೇ ಸ್ಕ್ಯಾನ್ ಮಾಡಿ. ಲ್ಯಾಮಿನೇಷನ್ ಬೇಡವೇ ಬೇಡ, ಹಿಂತಿರುಗುವ ದಾರಿಯಿಲ್ಲ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಇಟ್ಟರೆ ಬೂಷ್ಟು ಹಿಡಿಯುವುದು ಖಚಿತ. ಒಳಗೋಡೆಯ ಕಡೆಗೆ, ನೆಲದಿಂದ ಎತ್ತರದಲ್ಲಿ, ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿ ಇಡಿ. ಗಾಜಿನ ನೆಗೆಟಿವ್ ಸಿಕ್ಕರೆ ಒಂದರ ಮೇಲೊಂದು ಪೇರಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿಡಿ. ಬಟ್ಟೆಯಿಂದ ಒರೆಸಲು ಹೋದರೆ ಧೂಳಿನೊಡನೆ ಚಿತ್ರವೂ ಹೋಗುತ್ತದೆ. 1950ಕ್ಕಿಂತ ಹಿಂದಿನ ಫಿಲ್ಮ್ ಸುರುಳಿಗಳು ನೈಟ್ರೇಟ್ ಆಗಿದ್ದರೆ ಬೇಗ ಬೆಂಕಿ ಹಿಡಿಯುವಂಥವು, ಅಡುಗೆಮನೆಯ ಅಟ್ಟದ ಮೇಲೆ ಇಡುವ ವಸ್ತುವಲ್ಲ.

ಸ್ಕ್ಯಾನ್ ಮಾಡುವಾಗ ಅಂಗೈಯಗಲದ ಪ್ರಿಂಟಿಗೆ ಇಂಚಿಗೆ 600 ಚುಕ್ಕಿ ಸಾಕು, ಪುಟ್ಟ ಪ್ರಿಂಟಿಗೆ 1200 ಇರಲಿ, ಫಿಲ್ಮ್‌ಗೆ 2400ಕ್ಕಿಂತ ಕಡಿಮೆ ಬೇಡ. ಕಪ್ಪು-ಬಿಳುಪು ಫೋಟೋ ಆದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಕಂದು ಛಾಯೆ ಮತ್ತು ಕಲೆಗಳೂ ಮಾಹಿತಿಯೇ. ಟಿಫ್ ರೂಪದಲ್ಲಿ ಉಳಿಸಿ, ಹಂಚಲು ಬೇರೆ ಜೆಪೆಗ್ ಪ್ರತಿ ಮಾಡಿಕೊಳ್ಳಿ. ‘ಆಟೋ ಕರೆಕ್ಷನ್’ ಆಫ್ ಮಾಡಿಬಿಡಿ. ಹಿಂಬದಿಯನ್ನೂ ತಪ್ಪದೆ ಸ್ಕ್ಯಾನ್ ಮಾಡಿ: ಸ್ಟುಡಿಯೋ ಮುದ್ರೆ, ಅಜ್ಜನ ಕೈಬರಹ, ಹಳೆಯ ಬೆಲೆ ಎಲ್ಲ ಅಲ್ಲೇ ಇರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರ ಕುಗ್ಗುತ್ತದೆ, ಫೈಲಿನ ಮೂಲ ಮಾಹಿತಿಯೂ ಕಳಚಿಹೋಗುತ್ತದೆ. ಕಳಿಸಲೇಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ.

ಇಷ್ಟಾದ ಮೇಲೆ ಉಳಿಯುವುದು ಯಂತ್ರ ಮಾಡಲಾರದ ಕೆಲಸ. ಮನೆಯ ಹಿರಿಯರ ಪಕ್ಕ ಕೂತು ಒಂದೊಂದು ಫೋಟೋ ತೋರಿಸಿ ಕೇಳಿ. ಮುಖಗಳ ಹೆಸರು ಎಲ್ಲರೂ ಕೇಳುತ್ತಾರೆ. ನೀವು ಹಿನ್ನೆಲೆಯನ್ನು ಕೇಳಿ. ಇದು ಯಾವ ಬೀದಿ, ಆ ಬಾಗಿಲು ಯಾರ ಮನೆಯದು, ಆ ಬಾವಿ ಈಗ ಎಲ್ಲಿ, ಆ ಆಲದ ಮರ ಯಾವಾಗ ಹೋಯಿತು. ಉತ್ತರವನ್ನು ಮೆತ್ತಗಿನ ಪೆನ್ಸಿಲ್‌ನಲ್ಲಿ, ಒತ್ತದೆ, ಫೋಟೋದ ಹಿಂದಿನ ಅಂಚಿನಲ್ಲಿ ಬರೆಯಿರಿ: ಊರು, ಬೀದಿ, ಕ್ಯಾಮೆರಾ ನೋಡುತ್ತಿದ್ದ ದಿಕ್ಕು, ಎರಡು ಗಡಿಗಳ ಇಸವಿ, ಹೇಳಿದವರ ಹೆಸರು. ಸ್ಕ್ಯಾನಿನ ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ಕೊಡಿ. ಮೂಲವನ್ನು ಮಾತ್ರ ರಸೀದಿಯಿಲ್ಲದೆ ಯಾರ ಕೈಗೂ ಕೊಡಬೇಡಿ.